ತಿದ್ದಬಾರದ ಗೆರೆ

ಲಿಯಾವ್ ದಾದು ಹಿಂದಿನಿಂದ ಸದ್ದಿಲ್ಲದೆ ಬಂದು, ಬರೆಯುತ್ತಿದ್ದ ನನ್ನ ಕೈಯ ಕುಂಚವನ್ನು ಸರಕ್ಕನೆ ಎಳೆಯುತ್ತಿದ್ದರು. ಹಿಡಿತ ಸಡಿಲವಾಗಿದ್ದರೆ ಕುಂಚ ಅವರ ಪಾಲು, ಮಸಿ ನನ್ನ ಅಂಗೈ ಪಾಲು. ಪ್ರತಿ ಶನಿವಾರ ಕುಂಚ ಉಳಿಯಿತೋ ಹೋಯಿತೋ ಎಂದು ದಿನಚರಿಯಲ್ಲಿ ಗುರುತು ಹಾಕುತ್ತಿದ್ದೆ. ಹೋದದ್ದೇ ಹೆಚ್ಚು. ಬರೆಯಲು ಕೂತರೆ ಬೆನ್ನು ತಾನಾಗಿ ಬಿಗಿದುಕೊಳ್ಳುತ್ತಿತ್ತು.

"ಮೈಗೆಲ್ಲ ಮಸಿ ಬಳ್ಕೊಂಡು ಬರೋಕೆ ಜಾದವ್‌ಪುರದಿಂದ ಟ್ಯಾಂಗ್ರಾವರೆಗೆ ಹೋಗ್ಬೇಕಾ?" ಎಂದು ಅಮ್ಮ ಕೇಳುತ್ತಿದ್ದರು.

ನಾನು ದಾದು, ಅಂದರೆ ಅಜ್ಜ, ಎಂದು ಕರೆಯುತ್ತಿದ್ದ ಈ ಗುರುಗಳು ಟ್ಯಾಂಗ್ರಾದ ಚೀನೀ ಕೇರಿಯಲ್ಲೇ ಹುಟ್ಟಿದವರು. ಬಂಗಾಳಿ ಬೆರೆತ ಹಿಂದಿಯಲ್ಲಿ ಚೀನೀ ಬರವಣಿಗೆ ಕಲಿಸುತ್ತಿದ್ದರು. ಗೆರೆ ಬಲಕ್ಕೆ ಹೋಗಬೇಕಾದರೆ ಕುಂಚ ಮೊದಲು ಕೂದಲೆಳೆಯಷ್ಟು ಎಡಕ್ಕೆ ಸರಿದು ತನ್ನ ತುದಿಯನ್ನು ಗೆರೆಯೊಳಗೇ ಬಚ್ಚಿಡಬೇಕು. ಮುಗಿಯುವಾಗ ಮತ್ತೆ ಒಳಕ್ಕೆ ಮರಳಬೇಕು. ಹಾಗೆ ಮಾಡಿದರೇ ಗೆರೆಗೆ ಎಲುಬು. ಬಹಳ ಹಿಂದೆ ಗೆರೆ ಎಲ್ಲೆಡೆ ಒಂದೇ ದಪ್ಪ ಇತ್ತಂತೆ. ಗುಮಾಸ್ತರು ಬೇಗಬೇಗ ಬರೆಯತೊಡಗಿದ ಮೇಲೆ ಅದಕ್ಕೆ ಏರಿಳಿತ, ಬೀಸುವ ಬಾಲ ಬಂದವು.

"ಅವರ ಅವಸರದಿಂದ ಅಂದ ಹುಟ್ಟಿತು. ನಿನ್ನ ಅವಸರದಿಂದ ಜಿರಲೆ ಹುಟ್ಟುತ್ತೆ," ಎನ್ನುತ್ತಿದ್ದರು.

ಬಿದ್ದ ಗೆರೆಯನ್ನು ಮಾತ್ರ ಎಂದೂ ತಿದ್ದಬಾರದು.

ಅವರ ಹೆಂಡತಿ ತೀರಿಕೊಂಡಾಗ ಸಮಾಧಿಯ ಕಲ್ಲಿಗೆ ಹೆಸರು ಬರೆದುಕೊಡಬೇಕಿತ್ತು. ಅಷ್ಟರಲ್ಲಿ ದಾದುವಿನ ಬಲಗೈ ನಡುಗತೊಡಗಿತ್ತು. ಬರೆದ ಹಾಳೆಗಳನ್ನೆಲ್ಲ ಹರಿದರು. ಕುಂಚ ಎತ್ತುವಾಗ ಅವರ ಮುಖದಲ್ಲಿ ಭಯ ಕಂಡು ನನಗೂ ಭಯವಾಯಿತು.

"ಚೂರು ತಿದ್ದಿಬಿಡಿ ದಾದು. ಕಲ್ಲಿನ ಮೇಲೆ ಯಾರಿಗೆ ಗೊತ್ತಾಗುತ್ತೆ?"

"ಅವಳಿಗೆ. ಗೆರೆ ನೋಡಿಯೇ ನಾನು ಕುಡಿದಿದ್ದೀನೋ ಇಲ್ವೋ ಅಂತ ಹೇಳೋಳು."

ಕೊನೆಗೆ ನಡುಗುವ ಕೈಯಲ್ಲೇ ಬರೆದು ಕೊಟ್ಟರು. ಕಲ್ಲು ಕೆತ್ತುವವನು ಮೃದು ಮನಸ್ಸಿನವನು. ಪಾಪ, ಮುದುಕರ ಕೈ ತಪ್ಪಿದೆ ಎಂದು ಮರುಗಿ, ಗೆರೆಗಳನ್ನೆಲ್ಲ ನೇರ, ನುಣುಪು ಮಾಡಿ ಕೆತ್ತಿದ್ದ.

ದಾದು ಆ ನುಣುಪು ಗೆರೆಗಳ ಮೇಲೆ ಬೆರಳಾಡಿಸಿದರು. ಅವನನ್ನು ಬೈಯಲಿಲ್ಲ. "ಇದು ಯಾರದೋ ಕೈ. ಅವಳು ನನ್ನನ್ನು ಗುರುತು ಹಿಡಿಯೋದು ಹೇಗೆ?" ಎಂದರು. ಇನ್ನೊಮ್ಮೆ ಬರೆಯುವಷ್ಟು ಶಕ್ತಿ ಆ ಬೆರಳುಗಳಲ್ಲಿ ಉಳಿದಿರಲಿಲ್ಲ. ಅವು ನನ್ನ ತೋಳನ್ನು ಹಿಡಿದಿದ್ದವು.

"ಪಕ್ಕದ ಜಾಗ ನನ್ನದು. ನನ್ನ ಹೆಸರು ನೀನು ಬರಿ. ನಿನ್ನ ಗೆರೆಯಲ್ಲಿ ಸ್ವಲ್ಪ ನಾನಿದ್ದೀನಿ. ಹೇಗೆ ಬಂದರೂ ಹಾಗೇ ಕೆತ್ತಿಸು."

ಈ ಮಾರ್ಚ್‌ನಲ್ಲಿ ದಾದು ಹೋದರು. ಅವರ ಮೇಜಿನ ಮುಂದೆಯೇ ಕೂತು ಅವರ ಹೆಸರು ಬರೆದೆ. ಕೆಟ್ಟರೆ ಅವರಿಬ್ಬರಿಗೂ ನಾನು ಏನು ಹೇಳಲಿ ಎಂಬ ಹೆದರಿಕೆ. ಕೊನೆಯ ಉದ್ದ ಗೆರೆಯಲ್ಲಿ ಕೈ ನಡುಗಿಯೇ ಬಿಟ್ಟಿತು.

ಅದೇ ಕಲ್ಲು ಕೆತ್ತುವವನು ಹಾಳೆ ನೋಡಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದ. "ದೀದಿ, ಇದನ್ನ ಸ್ವಲ್ಪ ನೇರ ಮಾಡ್ಕೊಳ್ಳಲಾ?"

"ಬೇಡ," ಎಂದೆ. ಅವನ ಉಳಿ ಆ ಗೆರೆಯನ್ನು ದಾಟುವವರೆಗೂ ನಾನು ಪಕ್ಕದಿಂದ ಕದಲಲಿಲ್ಲ.