ಐಪೀಸಿಗೆ ಇಟ್ಟ ಕುಂಕುಮ

ಗೆಳೆಯರೇ, ಇವತ್ತು ಆಯುಧಪೂಜೆ. ಹುಬ್ಬಳ್ಳಿಯಿಂದ ಪರದೇಶದ ಲಿಯಾಂಡರ್ ಊರಿನ ನಮ್ಮ ಮನೆಗೆ ಬಂದಿರುವ ಅತ್ತೆ ಕಾರು, ಲ್ಯಾಪ್‌ಟಾಪ್, ಮಿಕ್ಸರ್ ಎಲ್ಲಕ್ಕೂ ಕುಂಕುಮ ಇಟ್ಟರು. ನನ್ನ ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವ ಐಪೀಸನ್ನೂ ಬಿಡಲಿಲ್ಲ. ಇಟ್ಟಿದ್ದು ಸರಿಯಾಗಿ ಗಾಜಿನ ಮೇಲೆ!

ನನ್ನ ಮುಖ ನೋಡಿ ಅವರು ಸೆರಗಿನಿಂದ ಒರೆಸಲು ಬಂದರು.

"ಮುಟ್ಟಬ್ಯಾಡ್ರೀ!" ಎಂದು ಕಿರುಚಿಬಿಟ್ಟೆ. ಉಜ್ಜಿದರೆ ಆ ಪುಡಿಯೇ ಗಾಜನ್ನು ಗೀರುತ್ತದೆ.

ಹೆಂಡತಿ ದುರುಗುಟ್ಟುತ್ತಿದ್ದಳು. ನಾನು ಉಸಿರು ಬಿಗಿಹಿಡಿದು ರಬ್ಬರ್ ಬ್ಲೋವರಿನಿಂದ ಪುಡಿ ಹಾರಿಸಿದೆ. ಉಳಿದದ್ದನ್ನು ಲೆನ್ಸ್ ಕ್ಲೀನರ್ ಸೋಕಿಸಿದ ಹತ್ತಿಯಿಂದ, ಒತ್ತದೆ ತೆಗೆದೆ. ಒಂದೂ ಗೀರಿಲ್ಲ.

ಆಗ ಅತ್ತೆ ಬಾಯಿಬಿಟ್ಟರು: "ಹಬ್ಬದ ದಿನ ಕುಂಕುಮ ಅಳಿಸಿದ್ರಿ. ಈಗ ಎಲ್ಲಿ ಹಚ್ಚಲಿ, ನೀವ ಹೇಳ್ರಿ."

ತೆಪ್ಪಗೆ ಹಣೆ ಒಡ್ಡಿದೆ. ಅದನ್ನು ಎಷ್ಟು ಉಜ್ಜಿದರೂ ಗೀರು ಬೀಳುವುದಿಲ್ಲ.