ದ್ರಾಕ್ಷಾಯಣಮ್ಮ ನೀರು ಮುಟ್ಟದ ಎರಡು ದಿನ

ಹಿಂದೂಪುರದ ಹುಣಸೆ ಮಂಡಿ ಕೊಟ್ಟೂರಪ್ಪನವರ ಸೊಸೆ ದ್ರಾಕ್ಷಾಯಣಮ್ಮನವರಿಗೆ ಈಗ ಇಪ್ಪತ್ತೈದು ವರ್ಷ. ಅವರ ಗೆಳತಿ, ನೇಕಾರರ ಬೀದಿಯ ಸರಸ್ವತಮ್ಮ, ಮೂರ್ನಾಲ್ಕು ವರ್ಷ ದೊಡ್ಡವರು. ಚೊಚ್ಚಲ ಹೆರಿಗೆ ಕಷ್ಟವಾಗಿ ದ್ರಾಕ್ಷಾಯಣಮ್ಮನನ್ನು ಕಲ್ಯಾಣದುರ್ಗದ ಆಸ್ಪತ್ರೆಗೆ ಸೇರಿಸಿದಾಗ, ಸರಸ್ವತಮ್ಮ ಮಗ್ಗದ ಕೆಲಸ ಗಂಡನಿಗೆ ಬಿಟ್ಟು, ಸಿಕ್ಕ ಬಸ್ಸು ಹತ್ತಿ ಹೋಗಿ, ಹದಿಮೂರು ದಿನ ಆಸ್ಪತ್ರೆಯ ಜಗುಲಿಯಲ್ಲಿ ಇದ್ದರು. ಒಬ್ಬರು ಲಿಂಗಧಾರಿಗಳ ಮನೆಯವರು, ಇನ್ನೊಬ್ಬರು ಅಲ್ಲ. ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಕುಡಿಯುವಂತಿರಲಿಲ್ಲ. ಆದರೂ ಇಷ್ಟು ಗಟ್ಟಿಯಾದ ಸ್ನೇಹ ಹೇಗೆ ಬೆಳೆಯಿತೆಂದು ಕೇಳಿದರೆ ಇಬ್ಬರೂ ೧೯೪೪ರ ಫಾಲ್ಗುಣದ ಮಾತನ್ನೇ ಎತ್ತುತ್ತಾರೆ. ನಾನು ಅದನ್ನು ಇಬ್ಬರ ಬಾಯಲ್ಲೂ ಕೇಳಿದ್ದೇನೆ.

ದ್ರಾಕ್ಷಾಯಣಿಯ ತವರು ಕುಂದುರ್ಪಿಯ ಹತ್ತಿರದ ಒಂದು ಹಳ್ಳಿ. ತಂದೆ ಕರಿಸಿದ್ದಪ್ಪ ಕಡಲೆಕಾಯಿ ಬೆಳೆಯುವ ರೈತ. ಮದುವೆಯಾದಾಗ ಅವಳಿಗೆ ಹದಿನೇಳು. ಕಲ್ಯಾಣದುರ್ಗದವರೆಗೆ ಎತ್ತಿನ ಗಾಡಿ, ಅಲ್ಲಿಂದ ಬಸ್ಸು. ಯುದ್ಧದ ಕಾಲವಾದ್ದರಿಂದ ಪೆಟ್ರೋಲು ಇರಲಿಲ್ಲ. ಇದ್ದಿಲಿನ ಗ್ಯಾಸಿನಿಂದ ಓಡುವ ಆ ಬಸ್ಸು ಏರು ಬಂದಲ್ಲೆಲ್ಲ ನಿಲ್ಲುತ್ತಿತ್ತು. ಎಲ್ಲರೂ ಇಳಿದು ನಡೆದರು, ಮದುವಣಗಿತ್ತಿಯೂ ನಡೆದಳು.

ಕೊಟ್ಟೂರಪ್ಪನವರ ಮನೆ ಕಟ್ಟುನಿಟ್ಟಿನದು. ಬೆಳಗಿನ ಜಾವ ಎದ್ದು, ಅಂಗಳ ಗುಡಿಸಿ, ಸ್ನಾನ ಮಾಡಿ, ಕೊರಳಿನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿದ ಮೇಲೇ ಒಲೆ ಹಚ್ಚಬೇಕು. ಅತ್ತೆ ಪಂಪಮ್ಮ ಕೆಟ್ಟವರಲ್ಲ, ಆದರೆ ಮಾತು ಚುರುಕು. ಆ ಮನೆಯಲ್ಲಿ ಎಲ್ಲರ ಲಿಂಗಕ್ಕೂ ಬೆಳ್ಳಿಯ ಕರಡಿಗೆ ಇತ್ತು. ಸೊಸೆ ಮಾತ್ರ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ, ಶಿವದಾರದಿಂದ ಕೊರಳಿಗೆ ಕಟ್ಟಿಕೊಂಡಿದ್ದಳು. ಮುಂದಿನ ಸುಗ್ಗಿಗೆ ಕರಡಿಗೆ ಮಾಡಿಸಿಕೊಡುವೆನೆಂದು ಕರಿಸಿದ್ದಪ್ಪ ಹೇಳಿದ್ದ. "ಎಷ್ಟನೇ ಸುಗ್ಗಿ ಅಂತ ನಿಮ್ಮಪ್ಪ ಹೇಳ್ಲಿಲ್ವೇನಮ್ಮ?" ಎಂದು ಪಂಪಮ್ಮ ಆಗಾಗ ಕೇಳುತ್ತಿದ್ದರು. ಗಂಡ ಸೋಮಶೇಖರಪ್ಪ ಮೆದು ಸ್ವಭಾವದವನು. ಆದರೆ ಹಗಲಲ್ಲಿ ಹೆಂಡತಿಯೊಡನೆ ಮಾತಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ನಾಲ್ಕು ತಿಂಗಳು ಅವಳು ಮಾತಿಗಿಂತ ಹೆಚ್ಚಾಗಿ "ಹೂಂ" ಎಂದೇ ಕಳೆದಳು.

ಹುಣಸೆಯ ಕಾಲ ಬಂತು. ಹಿತ್ತಿಲಿನ ಅಂಗಳದಲ್ಲಿ ಹಣ್ಣಿನ ರಾಶಿ ಬಿತ್ತು. ಹತ್ತು ಹನ್ನೆರಡು ಹೆಂಗಸರು ಕಲ್ಲಿನ ಮೇಲೆ ಹಣ್ಣನ್ನಿಟ್ಟು, ಮರದ ಕೊಡತಿಯಿಂದ ಬಡಿದು, ಬೀಜ ನಾರು ಬೇರೆ ಮಾಡುತ್ತಿದ್ದರು. ಸಂಜೆ ಆ ಹಣ್ಣನ್ನು ಈಚಲು ಚಾಪೆಯಲ್ಲಿ ಹಾಕಿ ತುಳಿದು ಮೂಟೆ ಕಟ್ಟುವರು. ಆ ವರ್ಷ ನೂಲಿಗೆ ಕಂಟ್ರೋಲು ಬಂದು ನೇಕಾರರ ಬೀದಿಯ ಮಗ್ಗಗಳು ನಿಂತುಹೋಗಿದ್ದವು. ಹಾಗಾಗಿ ಸೀತಾರಾಮಪ್ಪನ ಹೆಂಡತಿ ಸರಸ್ವತಮ್ಮನೂ ಕೊಡತಿ ಹಿಡಿದು ಬಂದಳು. ದ್ರಾಕ್ಷಾಯಣಿಯ ಪಕ್ಕದ ಕಲ್ಲೇ ಅವಳದಾಯಿತು.

"ಏಮಮ್ಮಾ, ನಿನ್ ಹೆಸ್ರೇನು?"

"ದ್ರಾಕ್ಷಾಯಣಿ."

"ಸರಿಹೋಯ್ತು. ದ್ರಾಕ್ಷಿ ತಂದು ಹುಣಸೆ ಮನೇಲಿ ಹಾಕ್ಬುಟ್ಟವ್ರೆ."

ಆ ಊರಿಗೆ ಬಂದ ಮೇಲೆ ದ್ರಾಕ್ಷಾಯಣಿ ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು. ಅಂದಿನಿಂದ ಅವಳು ಸರಸಕ್ಕನ ಪಕ್ಕ ಬಿಟ್ಟು ಕೂರಲಿಲ್ಲ. ಅತ್ತೆಯ ಒಲೆಗೆ ಹೊಂದಿಕೊಳ್ಳುವುದು ಹೇಗೆ, ಗಂಡನಿಗೆ ಬೇಕಾದ್ದನ್ನು ಕೇಳದೆಯೇ ತಿಳಿಯುವುದು ಹೇಗೆ, ಎಲ್ಲವನ್ನೂ ಸರಸ್ವತಮ್ಮ ಕೊಡತಿಯ ಸದ್ದಿನ ನಡುವೆ ಹೇಳಿಕೊಟ್ಟಳು.

ಒಂದು ದಿನ ಅವಳು ಗೆಳತಿಯ ಕೊರಳನ್ನು ನೋಡಿ, "ದಾರ ಸವೆದೈತಲ್ಲೇ" ಎಂದಳು.

"ಅತ್ತೆ ಯುಗಾದಿಗೆ ಮಠದ ಅಯ್ಯನೋರ ಕೈಲಿ ಕೊಡಿಸ್ತೀನಿ ಅಂದವ್ರೆ. ಈಗ ಕೇಳಿದ್ರೆ ಮತ್ತೆ ಅಪ್ಪನ ಮಾತು ಎತ್ತುತ್ತಾರೆ."

"ನೂಲಿನೋರ ಮನೇಲಿ ದಾರಕ್ಕೆ ಬರವಾ? ನಾನು ಮಾಡ್ಕೊಡ್ತೀನಿ ಬಿಡು."

ಬರವೇ ಇತ್ತು. ಅವಳ ಮನೆಯಲ್ಲಿ ಉಳಿದಿದ್ದುದು ಮಗ್ಗಕ್ಕೆ ಉದ್ದಕ್ಕೆ ಬಿಗಿದಿದ್ದ ಹಳೆಯ ಹಾಸುನೂಲಿನ ಗೇಣುದ್ದದ ತುಂಡುಗಳು ಮಾತ್ರ. ನೇಕಾರರು ತುದಿಗೆ ತುದಿ ಕೂಡಿಸುವಾಗ ಗಂಟು ಹಾಕುವುದಿಲ್ಲ, ಗಂಟು ಮಗ್ಗದ ಹಣಿಗೆಯ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಎರಡು ತುದಿಗಳನ್ನು ಜೋಡಿಸಿ, ಬೂದಿ ಮುಟ್ಟಿಸಿ, ಬೆರಳ ನಡುವೆ ಹೊಸೆದುಬಿಡುತ್ತಾರೆ. ಮಗ್ಗದ ಮೇಲೆ ಅದು ಬಿಚ್ಚುವುದಿಲ್ಲ. ಸರಸ್ವತಮ್ಮ ಹುಟ್ಟಿನಿಂದ ಕಲಿತ ಆ ಕೈಗೆಲಸವನ್ನೇ ನಂಬಿ, ತುಂಡುಗಳನ್ನು ಹಾಗೆಯೇ ಹೊಸೆದು, ಮೂರೆಳೆ ಮಾಡಿ ಶಿವದಾರ ಕೊಟ್ಟಳು. ನೋಡಲು ಚೆನ್ನಾಗಿತ್ತು. ದ್ರಾಕ್ಷಾಯಣಿ ಯಾರಿಗೂ ಹೇಳದೆ ಕಟ್ಟಿಕೊಂಡಳು.

ಹನ್ನೊಂದು ದಿನ ಕಳೆದವು. ಸೋಮವಾರ ಸಂಜೆ ಪೂಜೆಗೆ ಮುಂಚೆ ಸ್ನಾನಕ್ಕೆ ಹೊರಟಾಗ ಅವಳು ಕೊರಳಿಗೆ ಕೈ ಹಾಕಿದಳು. ಬೆವರಿಗೆ ನೆನೆದ ದಾರದ ಒಂದು ಅರ್ಧ ಕುಪ್ಪಸದೊಳಗೆ ಅಂಟಿತ್ತು. ಲಿಂಗ ಇರಲಿಲ್ಲ.

"ಅತ್ತೆ, ಲಿಂಗ ಇಲ್ಲ."

"ಸರಿಯಾಗಿ ನೋಡ್ಕೊಳ್ಳೇ. ಸೆರಗಿನಾಗೆ ಸಿಕ್ಕಂಡೈತೇನೋ."

ಸೆರಗಿನಲ್ಲಿ ಇರಲಿಲ್ಲ, ಬಚ್ಚಲಲ್ಲಿ ಇರಲಿಲ್ಲ, ಅಂಗಳದ ಕಲ್ಲುಗಳ ಸಂದಿಯಲ್ಲೂ ಇರಲಿಲ್ಲ. ಅಷ್ಟರಲ್ಲಿ ಅಂದಿನ ಹಣ್ಣೆಲ್ಲ ಹನ್ನೊಂದು ಮೂಟೆಯಾಗಿ ಗೋಡೆಗೆ ಒರಗಿತ್ತು. ಕಪ್ಪು ಲಿಂಗ, ಹಳೆಯ ಕಂದು ಬಟ್ಟೆ. ಹುಣಸೆಯೊಳಗೆ ಬಿದ್ದಿದ್ದರೆ ಬಡಿಯದೆ ಉಳಿದ ಹಣ್ಣಿನಂತೆಯೇ ಕಾಣುತ್ತಿತ್ತು.

ಲಿಂಗ ಮೈಮೇಲಿಲ್ಲದೆ ಆ ಮನೆಯವರು ಊಟ ಮಾಡುವಂತಿಲ್ಲ, ನೀರು ಕುಡಿಯುವಂತಿಲ್ಲ. ಸೋಮಶೇಖರಪ್ಪ ಮೆಲ್ಲಗೆ, "ಅಯ್ಯನೋರನ್ನ ಕೇಳಿದ್ರೆ ಬೇರೆ ಲಿಂಗ ಕಟ್ತಾರೆ" ಎಂದ.

"ಒಡದೋದ ಬಳೆ ಅಲ್ಲ ಕಣ್ಲಾ ಅದು, ಇನ್ನೊಂದು ಏರಿಸ್ಕೊಳ್ಳಾಕೆ" ಎಂದರು ಪಂಪಮ್ಮ.

ದ್ರಾಕ್ಷಾಯಣಿಗೂ ಅದೇ ಮಾತು ಸರಿಯೆನಿಸಿತು. ಎಂಟನೆಯ ವಯಸ್ಸಿನಲ್ಲಿ ಗುರು ಅವಳ ಅಂಗೈಯಲ್ಲಿಟ್ಟ ಲಿಂಗ ಅದು. ತವರಿನಿಂದ ಬಂದವುಗಳಲ್ಲಿ ನಿಜವಾಗಿ ತನ್ನದೆನ್ನಲು ಅವಳಿಗೆ ಇದ್ದದ್ದು ಅದೊಂದೇ. "ನಂಗೆ ಅದೇ ಬೇಕು. ಸಿಗೋಗಂಟ ನೀರೂ ಮುಟ್ಟಾಕಿಲ್ಲ" ಎಂದಳು.

ಪಂಪಮ್ಮ ಉಳಿದ ದಾರವನ್ನು ದೀಪದ ಹತ್ತಿರ ಹಿಡಿದು ನೋಡಿದರು. "ಈ ದಾರ ಯಾರು ಕೊಟ್ಟಿದ್ದು?"

ದ್ರಾಕ್ಷಾಯಣಿ ಮತ್ತೊಮ್ಮೆ ಸೆರಗು ಕೊಡವಿದಳು.

"ಇನ್ಯಾರು, ನಿಮ್ಮಪ್ಪ. ಬೆಳ್ಳಿ ಹೋಗ್ಲಿ, ಮಗಳಿಗೆ ಒಂದು ದಾರಾನಾದ್ರೂ ನೆಟ್ಟಗೆ ಕೊಡೋ ಯೋಗ್ಯತೆ ಇಲ್ಲದೋನು."

ಅವಳು ಆಗಲೂ ಬಾಯಿ ಬಿಡಲಿಲ್ಲ. ನಿಜ ಹೇಳಿದರೆ ಸರಸಕ್ಕ ಈ ಅಂಗಳಕ್ಕೆ ಮತ್ತೆ ಕಾಲಿಡುವಂತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಸರಸ್ವತಮ್ಮ ಬಂದಾಗ ಕೆಲಸ ನಿಂತಿತ್ತು. ಕೊಟ್ಟೂರಪ್ಪ, ಸೋಮಶೇಖರಪ್ಪ ಮೂಟೆ ಬಿಚ್ಚುತ್ತಿದ್ದರು. ಕಂಬದ ಹತ್ತಿರ ಒಣಗಿದ ತುಟಿಯ ದ್ರಾಕ್ಷಾಯಣಿ ಕೂತಿದ್ದಳು, ಮಡಿಲಲ್ಲಿ ದಾರದ ತುಂಡು ಇತ್ತು. ಸರಸ್ವತಮ್ಮ ಅದನ್ನು ನೋಡಿದಳು. ದಾರ ಹರಿದಿರಲಿಲ್ಲ, ಹೊಸೆದ ಜಾಗದಲ್ಲಿ ಜಾರಿ ಬಿಚ್ಚಿಕೊಂಡಿತ್ತು. ಮಗ್ಗದ ಒಣ ಹಾಸಿಗೂ ಕೊರಳಿನ ಬೆವರಿಗೂ ಇರುವ ವ್ಯತ್ಯಾಸ ತನಗೆ ಹೊಳೆದಿರಲಿಲ್ಲ ಎಂದು ಅವಳಿಗೆ ಆಗ ಅರ್ಥವಾಯಿತು.

"ಏನಂದೆ ನಿಮ್ಮತ್ತೆಗೆ?"

"ಏನೂ ಅನ್ಲಿಲ್ಲ. ಅಪ್ಪ ಕೊಟ್ಟಿದ್ದು ಅಂದ್ಕೊಂಡವ್ರೆ. ನೀನು ಸುಮ್ಕಿರು ಸರಸಕ್ಕ."

"ನಿಮ್ಮಪ್ಪನ್ನ ಬೈಸಿ ನನ್ನ ಉಳಿಸ್ಕೊಂತೀಯಾ? ಆವಯ್ಯ ಏನು ಮಾಡವ್ನೆ ಪಾಪ?"

ಅವಳು ನೇರವಾಗಿ ಪಂಪಮ್ಮನ ಮುಂದೆ ಹೋಗಿ ನಿಂತಳು. "ಅಮ್ಮಾ, ಆ ದಾರ ನಾನು ಮಾಡಿದ್ದು. ತುಂಡು ನೂಲು ಹೊಸೆದು ಕೊಟ್ಟೆ. ತಪ್ಪು ನಂದು ಕಣಮ್ಮ. ಅವರಪ್ಪನ್ನ ಅನ್ಬೇಡಿ."

ಪಂಪಮ್ಮ ಬಾಗಿಲಿನ ಕಡೆ ಕೈ ತೋರಿಸಿದರು. "ಆಚೆಗೆ ಹೋಗು. ಇನ್ನು ಈ ಅಂಗಳ ತುಳೀಬೇಡ."

ಸರಸ್ವತಮ್ಮ ಹೋದಳು. ಆದರೆ ಮನೆಗೆ ಹೋಗದೆ ಹಿತ್ತಿಲ ಬಾಗಿಲಿನಾಚೆ ನಿಂತು ಕೂಗಿದಳು:

"ಯಜಮಾನರೇ, ಎಲ್ಲಾ ಮೂಟೆ ಬಿಚ್ಬೇಡಿ. ನಿನ್ನೆ ಬೆಳಿಗ್ಗೆ ಬಡಿದಿದ್ದು ಬೆಳುಗುಪ್ಪದ ಕೆಂಪು ಹಣ್ಣು. ಮಧ್ಯಾಹ್ನ ಅವಳು ಕೊಡ ಎತ್ತಿದಾಗ ಲಿಂಗ ಕೊಡಕ್ಕೆ ತಗುಲಿ ಸದ್ದಾಯ್ತು, ನಾನು ಕೇಳಿವ್ನಿ. ಅಲ್ಲೀಗಂಟ ಕೊರಳಾಗೇ ಇತ್ತು. ಆಮ್ಯಾಕೆ ಬಡಿದಿದ್ದು ಕಪ್ಪು ಹಣ್ಣು. ಕಪ್ಪು ಮೂಟೇಲೇ ಐತೆ."

ಕೆಂಪು ಹಣ್ಣಿನವು ಏಳು ಮೂಟೆ, ಕಪ್ಪಿನವು ನಾಲ್ಕು. ಬೆಂಗಳೂರಿಗೆ ಗೂಡ್ಸ್ ವ್ಯಾಗನ್ ಸಿಕ್ಕಿದ್ದುದು ಆ ಸಂಜೆಗೆ. ಯುದ್ಧದ ಕಾಲದಲ್ಲಿ ತಪ್ಪಿದರೆ ಮತ್ತೆ ಯಾವಾಗ ಸಿಗುವುದೋ ಹೇಳಲಾಗದು. ಹಾಗೆಂದು ಏಳು ಮೂಟೆ ಕಳಿಸಿ, ಲಿಂಗ ಅದರಲ್ಲೇ ಇದ್ದರೆ ಅದು ಎಂದಿಗೂ ಹಿಂದಕ್ಕೆ ಬರುವಂತಿರಲಿಲ್ಲ.

"ಬಿಚ್ಚೋಗೋ ದಾರ ಕೊಟ್ಟೋಳ ಮಾತು ನಂಬಿ ಕಳಿಸ್ತೀರಾ?" ಎಂದು ಪಂಪಮ್ಮ ಗಂಡನನ್ನು ಕೇಳಿದರು.

ಕೊಟ್ಟೂರಪ್ಪ ಸೊಸೆಯ ಕಡೆ ತಿರುಗಿದರು. ಅವರು ಅವಳ ಅಭಿಪ್ರಾಯ ಕೇಳಿದ್ದು ಅದೇ ಮೊದಲು. "ಏನಮ್ಮ, ನಿನ್ನ ಲಿಂಗ. ನೀನೇ ಹೇಳು."

ದ್ರಾಕ್ಷಾಯಣಿ ಕಂಬ ಹಿಡಿದು ಎದ್ದು ನಿಂತಳು. "ಕಳಿಸಿ ಮಾವ. ಸರಸಕ್ಕ ಕೇಳಿವ್ನಿ ಅಂದ್ರೆ ಕೇಳಿರ್ತಾಳೆ."

ಏಳು ಮೂಟೆಗಳು ಗಾಡಿಯಲ್ಲಿ ಸ್ಟೇಷನ್ನಿಗೆ ಹೋದವು. ಉಳಿದ ನಾಲ್ಕನ್ನು ಮನೆಯವರೇ ಬಿಚ್ಚಿದರು. ಹೊರಗಿನವರ ಕೈ ಲಿಂಗಕ್ಕೆ ತಗುಲಬಾರದೆಂದು ಕೂಲಿ ಹೆಂಗಸರನ್ನು ಪಂಪಮ್ಮ ಕಳಿಸಿಬಿಟ್ಟಿದ್ದರು. ತುಳಿದು ಗಟ್ಟಿಯಾದ ಹುಣಸೆಯನ್ನು ಹಿಡಿ ಹಿಡಿಯಾಗಿ ಬಿಡಿಸಬೇಕು. ಹುಳಿ ಉಗುರಿನ ಸಂದಿಗೆ ಇಳಿದು ಉರಿಯುತ್ತಿತ್ತು. ಮಂಗಳವಾರ ಕತ್ತಲಾಗುವವರೆಗೆ ಎರಡು ಮೂಟೆ ಮುಗಿದವು, ಬುಧವಾರ ಬೆಳಿಗ್ಗೆ ಮೂರನೆಯದು. ಸಿಗಲಿಲ್ಲ. ಪಂಪಮ್ಮನೂ ಸೋಮವಾರ ಸಂಜೆಯಿಂದ ಏನೂ ತಿಂದಿಲ್ಲವೆಂದು ದ್ರಾಕ್ಷಾಯಣಿಗೆ ಗೊತ್ತಾದದ್ದು ಅಂದೇ.

ನಾಲ್ಕನೆಯ ಮೂಟೆ ಅರ್ಧವಾಗುವಷ್ಟರಲ್ಲಿ ದ್ರಾಕ್ಷಾಯಣಿ ಕೂತಲ್ಲೇ ಪಕ್ಕಕ್ಕೆ ವಾಲಿ ಬಿದ್ದಳು. ಸೋಮಶೇಖರಪ್ಪ ಓಡಿಬಂದು ಎಲ್ಲರೆದುರಿಗೇ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ನೀರು ಚಿಮುಕಿಸಿದರು. ಕಣ್ಣು ಬಿಟ್ಟಳು. ನೀರು ತುಟಿಗೆ ತಂದರೆ ಬಾಯಿ ಬಿಗಿದಳು.

"ಕುಡಿಯೇ ತಾಯಿ, ಪಾಪ ಬಂದ್ರೆ ನಂಗೆ ಬರ್ಲಿ" ಎಂದರು ಪಂಪಮ್ಮ. ಅವಳು ತಲೆ ಅಲ್ಲಾಡಿಸಿದಳು.

ಪಂಪಮ್ಮ ಎದ್ದು ಹಿತ್ತಿಲ ಬಾಗಿಲು ತೆಗೆದರು. ಸರಸ್ವತಮ್ಮ ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು.

"ಬಾ ಒಳಗೆ. ನನ್ನ ಕಣ್ಣು ಕತ್ತಲಿಡ್ತಾ ಐತೆ. ಕೈ ತೊಳ್ಕೊ, ವಿಭೂತಿ ಹಚ್ಕೊ. ಸಿಕ್ಕಿದ್ರೆ ಎತ್ಬೇಡ, ಹೇಳು."

ಸರಸ್ವತಮ್ಮ ಮೂಟೆಯ ಮುಂದೆ ಕೂತು ಕಣ್ಣು ಮುಚ್ಚಿಕೊಂಡಳು. ಸಾವಿರಾರು ಎಳೆಗಳ ಹಾಸಿನಲ್ಲಿ ತುಂಡಾದ ಒಂದೇ ಎಳೆಯನ್ನು ಬೆರಳಿನಿಂದಲೇ ಹುಡುಕುವ ಕೈ ಅದು. ಹಣ್ಣಿನ ನಾರು ಒಂದು ಬಗೆ, ನೂಲು ಇನ್ನೊಂದು ಬಗೆ. ಅವಳು ಬಿಡಿಸಲಿಲ್ಲ, ಒತ್ತಲಿಲ್ಲ, ಬೆರಳ ತುದಿಯನ್ನು ಮೆಲ್ಲಗೆ ಒಳಗೆ ಇಳಿಸುತ್ತ ಹೋದಳು. ಬಹಳ ಹೊತ್ತಿನ ಮೇಲೆ ಅವಳ ಕೈ ನಿಂತಿತು.

"ಅಮ್ಮಾ, ಬನ್ನಿ. ನನ್ನ ಬೆರಳಿನ ಪಕ್ಕದಾಗೆ ಕೈ ಹಾಕಿ. ದಾರ ಸಿಕ್ತು. ನಾನು ಎತ್ತಾಕಿಲ್ಲ."

ಪಂಪಮ್ಮ ಅವಳ ಬೆರಳಿಗೆ ಬೆರಳು ತಾಗಿಸಿ ಕೈ ಇಳಿಸಿದರು. ಹುಣಸೆ ಮೆತ್ತಿದ ಬಟ್ಟೆಯ ಗಂಟು ಹೊರಗೆ ಬಂತು. ಬಿಚ್ಚಿದಾಗ ಲಿಂಗ ಹಾಗೆಯೇ ಇತ್ತು.

ಮಠದ ಅಯ್ಯನವರು ಬಂದು ಮಾಡಬೇಕಾದ ಶುದ್ಧಿ ಮಾಡಿದರು. ದ್ರಾಕ್ಷಾಯಣಿ ಸ್ನಾನ ಮಾಡಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿ, ತೀರ್ಥ ತೆಗೆದುಕೊಂಡಳು. ಆಮೇಲೆ ಅತ್ತೆಯ ಕಡೆ ತಿರುಗಿ ಮೆಲ್ಲಗೆ, "ನಮ್ಮಪ್ಪನ್ನ ಅಂದ ಮಾತು ಹಿಂದಕ್ಕೆ ತಗೊಳ್ಳಿ ಅತ್ತೆ. ನಾನು ಸುಮ್ಮನಿದ್ದಿದ್ದೇ ತಪ್ಪು" ಎಂದಳು. ಪಂಪಮ್ಮ, "ತಗೊಂಡೆ ಕಣಮ್ಮ, ಈಗ ಉಣ್ಣು" ಎಂದು ಅಂಬಲಿ ಬಗ್ಗಿಸಿದರು.

ಲಿಂಗವಿಲ್ಲದವರ ಕಣ್ಣೆದುರು ಆ ಮನೆಯವರು ಉಣ್ಣುವುದಿಲ್ಲ. ಅದು ಗೊತ್ತಿದ್ದ ಸರಸ್ವತಮ್ಮ ಅಡುಗೆಮನೆಯ ಗೋಡೆಯಾಚೆ, ಬೀದಿಯ ಕಡೆ ಮುಖ ಮಾಡಿ ಕೂತಿದ್ದಳು. ಅಲ್ಲಿಂದಲೇ ಕೇಳಿದಳು:

"ದ್ರಾಕ್ಷೀ, ಉಣ್ತಾ ಇದೀಯೇನೇ?"

"ಉಣ್ತಾ ಇವ್ನಿ. ನೀನು ಉಂಡ್ಯಾ?"

"ಮನೆಗೋಗಿ ಉಣ್ತೀನಿ."

"ನಿನ್ನೆಯಿಂದ ಉಂಡಿಲ್ಲ ಅಲ್ವಾ ನೀನು?"

"ನೀನು ಮುಗಿಸು. ಆಮ್ಯಾಕೆ ಹೋಯ್ತೀನಿ."

ಪಂಪಮ್ಮ ಸೌಟು ಹಿಡಿದು ಕೇಳಿಸಿಕೊಳ್ಳುತ್ತ ನಿಂತಿದ್ದರು. ಮುತ್ತುಗದ ಎಲೆಯ ದೊನ್ನೆಯೊಂದನ್ನು ತೆಗೆದು, ಅಂಬಲಿ ತುಂಬಿ, ಹೊರಗೆ ಹೋಗಿ ಅವಳ ಪಕ್ಕದಲ್ಲಿಟ್ಟರು.

"ಕುಡಿ. ನಾಳೆ ಹೊತ್ತಿಗೆ ಮುಂಚೆ ಬಾ. ನಾಲ್ಕು ಮೂಟೆ ಬಿಚ್ಚಿ ಹಾಳು ಮಾಡೀವಿ, ಎಲ್ಲಾ ಮತ್ತೆ ತುಳೀಬೇಕು."