ಕೋಟೆ ಬಾವಿಯ ಪಾಳಿ

ಮೊನ್ನೆ ಪಕ್ಕದ ಮನೆಯ ಹುಡುಗಿ ಒಂದು ಪುಸ್ತಿಕೆ ತಂದುಕೊಟ್ಟಳು. ನುಣುಪು ಕಾಗದ; ಮೂಗಿನ ಹತ್ತಿರ ಹಿಡಿದರೆ ಇನ್ನೂ ಅಚ್ಚಿನ ವಾಸನೆ. ನಮ್ಮ ಬೀದರ ಸೀಮೆಯಲ್ಲಿ ನೋಡತಕ್ಕದ್ದೆಲ್ಲ ಅದರಲ್ಲಿದೆ. ಬೀದರದ ಕೋಟೆ ಇದೆ, ಅಷ್ಟೂರಿನ ಗುಮ್ಮಟಗಳಿವೆ, ಭಾಲ್ಕಿಯ ಕಡೆಯ ಭಾತಂಬ್ರಾ ಕೋಟೆಯೂ ಇದೆ. ಇಲ್ಲದಿರುವುದು ಮನುಷ್ಯ ಮಾತ್ರ. ಒಂದು ಬಾವಿಯ ಚಿತ್ರವಂತೂ ಎಷ್ಟು ಚೊಕ್ಕಟವಾಗಿದೆ ಎಂದರೆ, ಅದರಿಂದ ಯಾರೂ ಯಾವತ್ತೂ ನೀರು ಸೇದಿಯೇ ಇಲ್ಲ ಅನ್ನಬೇಕು. ಇಂಥ ಚಿತ್ರ ತಾನಾಗಿ ಬರುವುದಿಲ್ಲ. ಯಾರೋ ಒಬ್ಬ ಬುದ್ಧಿವಂತ ಮುಂದೆ ಹೋಗಿ ಜನರನ್ನೂ ಸಾಮಾನನ್ನೂ ಪಕ್ಕಕ್ಕೆ ಸರಿಸಿರುತ್ತಾನೆ. ನನಗೆ ಗೊತ್ತು ಸ್ವಾಮಿ, ಆ ಕೆಲಸವನ್ನು ಒಮ್ಮೆ ನಾನೂ ಮಾಡಿದ್ದೇನೆ.

ಆಗ ನಾನು ಬೀದರದ ಒಂದು ಆಫೀಸಿನಲ್ಲಿ ಹಂಗಾಮಿ ಗುಮಾಸ್ತ. ಔರಾದ ಕಡೆಯ ಹಳ್ಳಿಯಿಂದ ಬಂದು, ಇಸ್ತ್ರಿ ಮಾಡಿದ ಪ್ಯಾಂಟು ಹಾಕಿದ್ದೇ ಒಂದು ಪದವಿ ಎಂದು ತಿಳಿದ ಕಾಲ. ಮೇಲಿನಿಂದ ಯಾರು ಬಂದರೂ ಅವರಿಗೆ ಊರು ತೋರಿಸುವ ಕೆಲಸ ನನ್ನ ತಲೆಗೇ ಬೀಳುತ್ತಿತ್ತು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ ಆ ಆಫೀಸಿನಲ್ಲಿ ಇತಿಹಾಸಕ್ಕೆ ನಾನೇ ಗೌಡ. ನನ್ನ ಇತಿಹಾಸವೋ, ದೇವರಿಗೇ ಪ್ರೀತಿ. ಅಷ್ಟೂರಿನಲ್ಲಿ ಯಾವ ಗುಮ್ಮಟ ಯಾರದೆಂದು ತಿಳಿಯದಿದ್ದರೆ, ದೊಡ್ಡದು ತಂದೆಯದು, ಸಣ್ಣದು ಮಗನದು ಎಂದುಬಿಡುತ್ತಿದ್ದೆ. ತಲೆಯಾಡಿಸದೆ ಹೋದವರು ಒಬ್ಬರೂ ಇಲ್ಲ. ಹಳೆಯ ಕಲ್ಲು ನೋಡಲು ಬರುವವರಿಗೆ ನಿಜ ಬೇಕಾಗಿರುವುದಿಲ್ಲ. ನಡುನಡುವೆ ನೆರಳು, ಕೊನೆಯಲ್ಲಿ ಚಹಾ ಸಿಕ್ಕರೆ ಸಾಕು.

ಮಳೆ ಕೈಕೊಟ್ಟು ಎರಡನೆಯ ವರ್ಷ ಅದು. ಮೈಸೂರು ಕಡೆಯ ಸಾಹೇಬರೊಬ್ಬರು ನಮ್ಮ ಆಫೀಸಿಗೆ ದೊಡ್ಡವರಾಗಿ ಬಂದರು. ನನ್ನ ನೌಕರಿ ಖಾಯಂ ಆಗಲು ಅವರೊಂದು ಕಾಗದಕ್ಕೆ ಸಹಿ ಹಾಕಬೇಕಾಗಿತ್ತು. ಹೀಗಾಗಿ ಒಂದು ರವಿವಾರ ಅವರನ್ನೂ ಅವರ ಹೆಂಡತಿಯನ್ನೂ ಜೀಪಿನಲ್ಲಿ ಕೂಡಿಸಿಕೊಂಡು ನನ್ನ ಗುಮ್ಮಟಯಾತ್ರೆ ಹೊರಟಿತು. ಬಸ್ ನಿಲ್ದಾಣದ ಮುಂದೆ ಜನವೋ ಜನ. ಗೋಣಿತಟ್ಟು, ಬಕೆಟ್ಟು, ಹಾಸಿಗೆಯ ಗಂಟು, ಗಂಟಿನ ಮೇಲೆ ಕೂತ ಮಕ್ಕಳು. ಹೈದರಾಬಾದಿಗೆ, ಪುಣೆಗೆ ಊರಿಗೆ ಊರೇ ದುಡಿಯಲು ಹೊರಟಿತ್ತು.

"ಏನ್ರೀ ಇದು, ಎಲ್ಲಾದ್ರೂ ಜಾತ್ರೆ ಇದೆಯಾ?" ಎಂದರು ಸಾಹೇಬರ ಹೆಂಡತಿ.

"ಹೂಂ ಮೇಡಂ," ಎಂದೆ. ಆ ಗುಂಪಿನಲ್ಲಿ ನನ್ನ ಹಳ್ಳಿಯವರೇ ಇದ್ದಿರಬಹುದು. ತಿರುಗಿ ನೋಡಲಿಲ್ಲ.

ಕೋಟೆಯಲ್ಲಿ ಕಂದಕ ತೋರಿಸಿದೆ, ಬುರುಜಿನ ಮೇಲಿನ ತೋಪು ತೋರಿಸಿದೆ. ಅಷ್ಟೂರಿನಲ್ಲಿ ತಂದೆ ಮಗನ ಕತೆ ಹೇಳಿದೆ. ಆಮೇಲೆ ಭಾಲ್ಕಿ ದಾರಿ ಹಿಡಿದು ಭಾತಂಬ್ರಾ. ಕೋಟೆ ಗೋಡೆಯ ಬುಡದಲ್ಲಿ ಒಂದು ಹಳೆಯ ಬಾವಿ. ಅದನ್ನು ಕಂಡದ್ದೇ ಸಾಹೇಬರು ಕೊರಳಿನ ಕ್ಯಾಮರಾ ತೆರೆದರು.

ಬಾವಿಯ ಕಟ್ಟೆಗುಂಟ ಹದಿನೈದಿಪ್ಪತ್ತು ಕೊಡಗಳು ಸಾಲಾಗಿ ಕೂತಿದ್ದವು. ಹತ್ತಿರ ಒಬ್ಬರೂ ಇಲ್ಲ. ಹೆಂಗಸರು ಅಷ್ಟು ದೂರದ ಬೇವಿನ ನೆರಳಿನಲ್ಲಿದ್ದರು. ಬರಗಾಲದ ಊರುಗಳಲ್ಲಿ ನೀರಿಗೆ ಕಾಯುವುದು ಹಾಗೆಯೇ. ಮನುಷ್ಯರು ನಿಲ್ಲುವುದಿಲ್ಲ, ಕೊಡ ನಿಲ್ಲುತ್ತದೆ. ಕೊಡ ಎಲ್ಲಿದೆಯೋ ಅಲ್ಲಿ ಅದರ ಒಡತಿಯ ಪಾಳಿ. ಮನೆಗೆ ಹೋಗಿ ರೊಟ್ಟಿ ಬಡಿದು ಬಂದರೂ ಪಾಳಿ ತಪ್ಪುವುದಿಲ್ಲ, ಯಾರೂ ಇನ್ನೊಬ್ಬರ ಕೊಡ ಮುಟ್ಟುವುದಿಲ್ಲ. ಬಾವಿಯ ಸೆಲೆ ಬತ್ತುತ್ತ ಬಂದಿತ್ತು. ಏಳೆಂಟು ಕೊಡ ತುಂಬಿದರೆ ಮುಂದೆ ಬರೀ ರಾಡಿ. ಮತ್ತೆ ನೀರು ಕೂಡಲು ಸಂಜೆಯವರೆಗೆ ಕಾಯಬೇಕು. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ನನ್ನ ತಾಯಿಯೂ ಹೀಗೆಯೇ ಕೊಡ ಇಟ್ಟವಳು.

"ಸ್ವಲ್ಪ ಆ ಕೊಡಗಳನ್ನ ಪಕ್ಕಕ್ಕಿಡ್ರಿ, ಬಾವಿ ಚೆನ್ನಾಗಿ ಕಾಣಲಿ," ಎಂದರು ಸಾಹೇಬರು.

ಇಟ್ಟೆ. ಸಾಲಿನ ಮೊದಲಿನಿಂದ ಒಂದೊಂದಾಗಿ ಎತ್ತಿ ಗೋಡೆಯ ಆಚೆ ಇಟ್ಟೆ. ಮೊದಲನೆಯದು ತಾಮ್ರದ್ದು, ಎರಡನೆಯದು ಸಣ್ಣ ಮಣ್ಣಿನ ಕೊಡ, ಕೊರಳಿಗೆ ಹಸಿರು ಚಿಂದಿ ಕಟ್ಟಿದ್ದು. ಫೋಟೋ ಆಯಿತು. ತಿರುಗಿ ಇಡುವಾಗ ನನ್ನೊಳಗಿನ ಗುಮಾಸ್ತ ಎಚ್ಚರವಾದ. ದೊಡ್ಡವು ಮುಂದೆ, ಸಣ್ಣವು ಹಿಂದೆ, ಕಪಾಟಿನಲ್ಲಿ ಫೈಲು ಹೊಂದಿಸಿದಂತೆ ಹೊಂದಿಸಿದೆ. "ವಾಹ್, ಎಷ್ಟು ನೀಟಾಗಿ ಇಟ್ರಿ!" ಎಂದರು ಮೇಡಂ. ನಾನು ಉಬ್ಬಿದೆ. ಕತ್ತೆಗೂ ಇಷ್ಟು ಸಂತೋಷಕ್ಕೆ ಏನಾದರೂ ಕಾರಣ ಬೇಕಾಗುತ್ತದೆ.

ಸೇದುವ ಹೊತ್ತಾಗಿ ಹೆಂಗಸರು ಬಂದರು. ಸಾಲು ನೋಡಿದ್ದೇ ಗದ್ದಲ ಎದ್ದಿತು. ನಂದು ಮುಂದಿತ್ತು, ನಿಂದು ಹಿಂದಿತ್ತು. ಯಾರನ್ನು ಅನ್ನೋಣ, ಎಲ್ಲರ ಮನೆಯಲ್ಲೂ ಗಂಟಲು ಒಣಗಿತ್ತು. ಆಗ ಊರೊಳಗಿನಿಂದ ಒಬ್ಬಳು ಓಡುತ್ತ ಬಂದಳು. ಸೋನಾಬಾಯಿ ಎಂದು ಉಳಿದವರು ಕೂಗಿದ್ದರಿಂದ ಹೆಸರು ತಿಳಿಯಿತು. ಅವಳ ಮಗಳು ಬಾಣಂತಿ. ಅಂದಿಗೆ ಹನ್ನೆರಡನೆಯ ದಿನ. ತಾಯಿಗೂ ಮಗುವಿಗೂ ತಲೆಗೆ ನೀರು ಹಾಕಿ, ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡಬೇಕು. ಮಧ್ಯಾಹ್ನ ಪುಣೆ ಕಡೆಯ ರಸ್ತೆ ಕೆಲಸಕ್ಕೆ ಹೋಗುವ ಲಾರಿಗೆ ಮಗಳು ಅಳಿಯ ಇಬ್ಬರೂ ಹತ್ತಬೇಕು. ಬಾಣಂತಿ ಎಂದು ಲಾರಿ ನಿಲ್ಲುವುದಿಲ್ಲ.

ಹಸಿರು ಚಿಂದಿಯ ಕೊಡ ಸಾಲಿನ ಕಟ್ಟಕಡೆಗೆ ಕೂತಿತ್ತು. ಅದನ್ನು ನೋಡಿದಳು, ನನ್ನನ್ನು ನೋಡಿದಳು. ಯಾರೋ ಆಗಲೇ ನನ್ನ ಕಡೆ ಬೆರಳು ತೋರಿಸಿದ್ದರು.

"ನೀವೇ ಎತ್ತಿಟ್ಟೀರಂತಲ್ರಿ ಸಾಬ್ರ," ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ಅವಸರ ಇತ್ತು. "ನೀವೇ ಹೇಳ್ರಿ. ನಂದು ಎಷ್ಟನೇದಿತ್ತು? ನೀವು ಅಂದ್ರ ಇವರು ಕೇಳ್ತಾರ."

ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ನಿಜವಾಗಿಯೂ ನನ್ನ ಮಾತಿಗೇ ಕಾಯುತ್ತಿದ್ದರು. ಹಿಂದೆ ಸಾಹೇಬರು ಗಡಿಯಾರ ನೋಡಿಕೊಂಡು, "ಏನ್ರೀ, ನೀವೇನಾದ್ರೂ ತೊಂದರೆ ಮಾಡಿದ್ರಾ?" ಎಂದರು. ಒಂದೇ ಒಂದು ಮಾತು ಸಾಕಿತ್ತು. ಅದನ್ನು ಹೇಳಿದರೆ ಸಾಲು ಕೆಡಿಸಿದವನು ನಾನು ಎಂದು ಒಪ್ಪಿಕೊಂಡಂತೆ. ಸಹಿ ಇನ್ನೂ ಬಿದ್ದಿರಲಿಲ್ಲ.

"ನಾ ನೋಡ್ಲಿಲ್ಲಬೇ," ಎಂದೆ.

ಅವಳು ಹೋಗಿ ತನ್ನ ಕೊಡದ ಪಕ್ಕ ನಿಂತಳು. ಕೊಡ ಇದ್ದಲ್ಲಿ ಪಾಳಿ ಎಂದು ಮುಂದಿನವರು ಹಗ್ಗ ಬಿಟ್ಟರು. ಎಂಟನೆಯ ಕೊಡಕ್ಕೆ ರಾಡಿ ಬಂತು. ಅಷ್ಟರಲ್ಲಿ ಊರಬಾಗಿಲ ಅಗಸಿಯ ಹತ್ತಿರ ಲಾರಿ ಹಾರನ್ ಹೊಡೆಯತೊಡಗಿತು. ತಾಮ್ರದ ಕೊಡದವಳು ಒಂದು ಚೊಂಬು ನೀರು ಕೊಟ್ಟಳು, "ಹಾದ್ಯಾಗ ಹುಡುಗಿಗಿ ಕುಡಿಲಾಕ ಆಗ್ತದ, ಒಯ್ಯಬೇ," ಎಂದಳು. ನಾವು ಜೀಪಿನಲ್ಲಿ ಅಗಸಿ ದಾಟುವಾಗ ಬಾಣಂತಿಯನ್ನು ಕೈ ಹಿಡಿದು ಲಾರಿಗೆ ಹತ್ತಿಸುತ್ತಿದ್ದರು. ಕೂಸು ಹಳೆಯ ಸೀರೆಯ ತುಂಡಿನಲ್ಲಿತ್ತು. "ಹೆಸರರೆ ಇಡಬೇಕಿಲ್ಲೇನಬೇ," ಎಂದು ಯಾರೋ ಮುದುಕಿ ಅಂದದ್ದು ಕೇಳಿಸಿತು. "ನೀರು ಹಾಕಲಾರದ ಹ್ಯಾಂಗ ಇಡ್ಲಿ?" ಎಂದಳು ಸೋನಾಬಾಯಿ.

ಕತೆ ಇಲ್ಲಿಗೇ ಮುಗಿದಿದ್ದರೆ ನನ್ನನ್ನು ಬರೀ ಪುಕ್ಕಲ ಎಂದು ಬಯ್ದು ಬಿಡಬಹುದಿತ್ತು. ಭಾಲ್ಕಿ ದಾಟಿದ ಮೇಲೆ ಒಂದು ಹುಣಸೆಮರದ ಕೆಳಗೆ ಜೀಪು ನಿಂತಿತು. ಮೇಡಂ ಕಾಲಿಗೆ ಧೂಳಾಗಿತ್ತು. ಡ್ರೈವರು ಸೀಟಿನ ಹಿಂದಿನಿಂದ ನೀರಿನ ಕ್ಯಾನು ಇಳಿಸಿದ. ತುಂಬಿದ ಕ್ಯಾನು, ಬೆಳಿಗ್ಗೆ ಆಫೀಸಿನ ನಳದಲ್ಲಿ ನಾನೇ ತುಂಬಿಸಿದ್ದು. ಒಬ್ಬ ಬಾಣಂತಿ, ಒಂದು ಕೂಸಿನ ಸ್ನಾನಕ್ಕೆ ಧಾರಾಳವಾಗಿ ಸಾಕಾಗುತ್ತಿತ್ತು. ಭಾತಂಬ್ರಾದಲ್ಲಿ ನಿಂತಷ್ಟು ಹೊತ್ತೂ ಅದು ನನ್ನ ತಲೆಗೆ ಹೊಳೆಯಲಿಲ್ಲ, ಆಗ ಹೊಳೆಯಿತು. ಆದರೂ ಕ್ಯಾನು ಬಗ್ಗಿಸಿ ಮೇಡಂ ಕಾಲಿಗೆ ನೀರು ಹಾಕಿದವನು ನಾನೇ. ಚಪ್ಪಲಿಗೂ ಹಾಕಿದೆ.

ಸಾಹೇಬರು ಮೂರು ತಿಂಗಳಲ್ಲಿ ವರ್ಗವಾಗಿ ಹೋದರು, ಸಹಿ ಹಾಕದೆಯೇ. ನನ್ನ ನೌಕರಿ ಬಹಳ ಆಮೇಲೆ ನೂರಾರು ಜನರ ಜೊತೆ ಒಂದೇ ಆದೇಶದಲ್ಲಿ ಖಾಯಂ ಆಯಿತು. ಅದಕ್ಕೆ ಯಾರ ಕಾಲೂ ತೊಳೆಯಬೇಕಾಗಿರಲಿಲ್ಲ. ಆಮೇಲೆ ಎಷ್ಟೋ ಜನರಿಗೆ ಗುಮ್ಮಟ ತೋರಿಸಿದೆ, ಆದರೆ ಭಾತಂಬ್ರಾ ಬಂದರೆ ಏನೋ ನೆಪ ಹೇಳುತ್ತಿದ್ದೆ. ರಸ್ತೆ ಸರಿಯಿಲ್ಲ, ನೋಡುವಂಥದ್ದೇನಿಲ್ಲ ಅನ್ನುತ್ತಿದ್ದೆ. ಆ ಕೂಸು ಯಾವ ಊರಿನಲ್ಲಿ, ಯಾವ ಹೆಸರಿನಿಂದ ದೊಡ್ಡದಾಯಿತೋ ನನಗೆ ಗೊತ್ತಿಲ್ಲ. ವಿಚಾರಿಸುವ ಧೈರ್ಯ ಆಗಲಿಲ್ಲ. ನಾಚಿಕೆ ಮಾತ್ರ ಈ ಮನೆಯಲ್ಲಿ ನನ್ನ ಜೊತೆಗೇ ಮುದಿಯಾಯಿತು.

ನಿನ್ನೆ ಸಂಜೆ ಆ ಹುಡುಗಿ ಮತ್ತೆ ಬಂದಳು. ಅವಳ ಕಾಲೇಜಿನವರು ಬರುವ ರವಿವಾರ ಭಾತಂಬ್ರಾಕ್ಕೆ ಹೊರಟಿದ್ದಾರಂತೆ.

"ಬರ್ರಿ ಅಜ್ಜಾ, ನಿಮಗ ಇತಿಹಾಸ ಎಲ್ಲಾ ಗೊತ್ತದಂತ ನಮ್ಮಪ್ಪ ಹೇಳ್ತಾರ. ಬಾವಿ ಮುಂದ ನಿಂತು ನೀವೇ ಹೇಳ್ಬೇಕು ನೋಡ್ರಿ."

ರಸ್ತೆ ಸರಿಯಿಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ಬರ್ತೇನಿ ತಂಗಿ," ಎಂದೆ. "ಆದ್ರ ಆ ಬಾವಿದು ನನಗ ಒಂದೇ ಮಾತು ಗೊತ್ತದ."

"ಏನ್ರಿ ಅದು?"

"ಸೋನಾಬಾಯಿ ಕೊಡ ಎರಡನೇದಿತ್ತು."